ತೋಳದ ಪರ, ಹುಣ್ಣಿಮೆಯ ವಿರುದ್ಧ

ಉಡುಪಿಯಲ್ಲಿ ಈಚೆಗೆ ನಡೆದ ಸಾಹಿತ್ಯ ಗೋಷ್ಠಿಯೊಂದರಲ್ಲಿ ಹಿರಿಯರೊಬ್ಬರು ತೋಳಮಾನವರ ಮೇಲೆ ಹರಿಹಾಯ್ದರು. ಮೊಬೈಲಿನಲ್ಲಿ ಕಂತುಕಂತಾಗಿ ಬರುತ್ತವಲ್ಲ, ಆ ಕಥೆಗಳ ತೋಳಮಾನವರು. ಹಗಲಿನಲ್ಲಿ ಕೋಟು ಹಾಕಿದ ಶ್ರೀಮಂತ, ಹುಣ್ಣಿಮೆ ಬಂತೆಂದರೆ ತೋಳ, ಅವನಿಗೆ ಮರುಳಾಗುವ ಒಬ್ಬಳು ಬಡ ಹುಡುಗಿ. ಇದೆಲ್ಲ ಕಸ, ಇದನ್ನು ಕೇಳಿ ಕೇಳಿ ನಮ್ಮ ಹೆಣ್ಣುಮಕ್ಕಳು ತಲೆ ಕೆಡಿಸಿಕೊಳ್ಳುತ್ತಿದ್ದಾರೆ ಎಂದರು. ಸಭೆ ತಲೆಯಾಡಿಸಿತು. ನಾನು ಎದ್ದು ನಿಂತು, "ಸರ್, ನೀವು ಅದರಲ್ಲಿ ಎಷ್ಟು ಕೇಳಿದ್ದೀರಿ?" ಎಂದೆ.

"ಅಂಥದ್ದಕ್ಕೆಲ್ಲ ನನಗೆ ಸಮಯ ಇಲ್ಲಮ್ಮ" ಎಂದರು. ಸಭೆ ನಕ್ಕಿತು. ಎರಡನೆಯ ಪ್ರಶ್ನೆಗೆ ನಾನು ಬಾಯಿ ತೆರೆಯುವಷ್ಟರಲ್ಲಿ ಮೈಕು ಹಿಡಿದವರು ಚಾ ತಯಾರಾಗಿದೆ ಎಂದು ಘೋಷಿಸಿದರು. ಚಾದ ಎದುರು ಯಾವ ವಾದವೂ ನಿಲ್ಲುವುದಿಲ್ಲ.

ಆ ಎರಡನೆಯ ಪ್ರಶ್ನೆಯನ್ನು ಇಲ್ಲಿ ಕೇಳುತ್ತೇನೆ. ತಲೆ ಕೆಡಿಸಿದ್ದು ತೋಳದ ಕಥೆಯೋ, ಅಥವಾ ತೋಳದ ಹೆಸರೇ ಎತ್ತದೆ ನಮ್ಮ ಮನೆಗಳಲ್ಲಿ ಹೇಳಿಕೊಂಡು ಬಂದಿರುವ ಕಥೆಯೋ? ನನ್ನ ಬಳಿ ಆಧಾರ ಉಂಟು. ಆಧಾರ ನನ್ನ ಅಕ್ಕ.

ಅಕ್ಕ ಎಂದರೆ ದೊಡ್ಡಮ್ಮನ ಮಗಳು. ನನ್ನ ಮನೆ ಕಾಪುವಿನ ಹತ್ತಿರ ಇನ್ನಂಜೆ, ಅವಳದು ಕಾರ್ಕಳ ತಾಲೂಕಿನ ಅಜೆಕಾರು. ಉಡುಪಿಯ ಒಂದು ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಎರಡೂ ಹೊತ್ತು ಕಿವಿಯಲ್ಲಿ ಇಯರ್‌ಫೋನು, ಇಯರ್‌ಫೋನಿನೊಳಗೆ ತೋಳ. ನಾನಾಗ ಮಣಿಪಾಲದಲ್ಲಿ ಕೊನೆಯ ವರ್ಷ ಓದುತ್ತಿದ್ದೆ, ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಯಾರು ಎಷ್ಟು ಗಟ್ಟಿಯಾಗಿ ಏನು ಹೇಳಿದರೂ "ಅದಕ್ಕೆ ಆಧಾರ ಏನು?" ಎಂದು ಕೇಳುವುದು ಅಲ್ಲಿ ಹತ್ತಿದ ಚಟ. ಅದರಿಂದ ಮನೆಗೆ ಸುಮಾರು ಬಹುಮಾನ ಬಂದಿದೆ. ಮನೆಗೆ ಬರುವ ನೆಂಟರು ಸುಮಾರು ಕಡಿಮೆಯಾಗಿದ್ದಾರೆ.

ಸಂಜೆ ಉಡುಪಿಯ ಬಸ್ ನಿಲ್ದಾಣದಲ್ಲಿ ನಾವಿಬ್ಬರೂ ಸೇರುತ್ತಿದ್ದೆವು. ಅವಳ ಬಸ್ಸು ಒಂದು ಕಡೆಗೆ, ನನ್ನದು ಇನ್ನೊಂದು ಕಡೆಗೆ. ನಡುವೆ ಸಿಗುವ ಹೊತ್ತಿನಲ್ಲಿ ಆವತ್ತಿನ ಕಂತಿನ ವರದಿ.

"ಎಂತ ಆಯ್ತು ನಿನ್ನ ತೋಳಕ್ಕೆ?"

"ಅವನ ಹಿಂಡಿನವರೇ ಅವನ ಮೇಲೆ ತಿರುಗಿ ಬಿದ್ದಿದ್ದಾರೆ ಮಾರಾಯ್ತಿ. ಪಾಪ."

"ಪಾಪ ಯಾಕೆ? ಹೋದ ವಾರ ಯಾರದ್ದೋ ಕುತ್ತಿಗೆ ಸಿಗಿದ ಅಂತ ನೀನೇ ಹೇಳಿದ್ದಲ್ವಾ?"

"ಅದು ಹುಣ್ಣಿಮೆ ದಿನ."

ಈ "ಹುಣ್ಣಿಮೆ ದಿನ" ನನಗೆ ಮೈಯೆಲ್ಲ ಉರಿಸುತ್ತಿತ್ತು. ಅವಳನ್ನು ಸೋಲಿಸಬೇಕೆಂಬ ಒಂದೇ ಹಟದಿಂದ ನಾನು ತೋಳಮಾನವರನ್ನು ಓದತೊಡಗಿದೆ. ಸಿಕ್ಕಿದ್ದನ್ನೆಲ್ಲ ಓದಿದೆ, ನೋಡಿದೆ, ಕೇಳಿದೆ. ಓದಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕಾಯಿತು: ವಿಷಯ ನಾನು ತಿಳಿದಷ್ಟು ಸಪ್ಪೆಯಲ್ಲ.

ಹಳೆಯ ಕಥೆಗಳಲ್ಲಿ ತೋಳವಾಗುವುದು ಶಾಪ. ಊರಿನವರು ದೊಣ್ಣೆ ಹಿಡಿದು ಬರುತ್ತಾರೆ, ಬೆಳ್ಳಿಯ ಗುಂಡು ಹೊಡೆಯುತ್ತಾರೆ, ಸತ್ತ ಮೇಲೆ ನೋಡಿದರೆ ಬಿದ್ದಿರುವುದು ಪಕ್ಕದ ಮನೆಯವನು. ಮುಗಿಯಿತು. ಈಗಿನ ಕಥೆಗಾರರಿಗೆ ಅಷ್ಟು ಸಾಲದು. ಕೆಲವರಿಗೆ ತೋಳವೆಂದರೆ ಹದಿನಾರರ ವಯಸ್ಸು: ದನಿ ಒಡೆಯುತ್ತದೆ, ಎಲ್ಲೆಂದರಲ್ಲಿ ಕೂದಲು ಬರುತ್ತದೆ, ಅಮ್ಮನಿಗೆ ಹೇಳುವ ಹಾಗಿಲ್ಲ. ಕೆಲವರಿಗೆ ಅದು ಬಚ್ಚಿಟ್ಟುಕೊಂಡ ಕಾಯಿಲೆ. ಕೆಲವರಿಗೆ ಊರಿನವರು ಒಳಗೆ ಸೇರಿಸದ ಮನುಷ್ಯ. ಇವರೆಲ್ಲರಿಗಿಂತ ಹೆಚ್ಚು ಓಡುವ ಕುದುರೆ ಮಾತ್ರ ಅಕ್ಕನ ತೋಳ. ಅವನು ಹಿಂಡಿನ ಯಜಮಾನ, ಅವನಿಗೆ ಅಂಗಿಯ ಗುಂಡಿ ನಿಲ್ಲುವುದಿಲ್ಲ, ಹುಡುಗಿಯನ್ನು ಅವನು ಮೂಗಿನಿಂದಲೇ ಗುರುತಿಸಿ "ನೀನು ನನ್ನವಳು" ಎಂದು ಗುರುಗುಟ್ಟುತ್ತಾನೆ. ಅವಳ ಒಪ್ಪಿಗೆ ಕೇಳುವ ಕೆಲಸವನ್ನು ಚಂದ್ರನಿಗೆ ಬಿಟ್ಟಿರುತ್ತಾನೆ.

ಹೆಣ್ಣು ತೋಳಗಳೂ ಉಂಟು, ಕಡಿಮೆ. ಗಂಡಸು ತೋಳವಾಗುವಾಗ ಮೂಳೆ ಮುರಿಯುತ್ತದೆ, ಉಗುರು ಸೀಳುತ್ತದೆ, ಮುಖದ ತುಂಬ ಕೂದಲು. ಹೆಂಗಸು ಮಾತ್ರ ನೇರವಾಗಿ ಬೆಳ್ಳಗೆ ಹೊಳೆಯುವ ತೋಳವಾಗಿಬಿಡುತ್ತಾಳೆ, ಆಗಷ್ಟೇ ಶಾಂಪೂ ಹಾಕಿ ಬಂದ ಹಾಗೆ. ಮೈಮೇಲೆ ಕೂದಲಿರುವ ಹೆಂಗಸನ್ನು ಊಹಿಸಿಕೊಳ್ಳಲು ಅಷ್ಟೆಲ್ಲ ಕಲ್ಪನೆಯಿರುವ ಲೇಖಕರಿಗೂ ಧೈರ್ಯವಿಲ್ಲ. ಇದನ್ನು ಹೇಳಿದಾಗ ಅಕ್ಕ ಬಸ್ ನಿಲ್ದಾಣದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆ ವರ್ಷ ನಮ್ಮ ಅಂತರ ಕಾಲೇಜು ಚರ್ಚಾಸ್ಪರ್ಧೆಯಲ್ಲಿ ಯಾರೋ ಪುಣ್ಯಾತ್ಮರು ಇಟ್ಟ ವಿಷಯ ಹೀಗಿತ್ತು: ಹುಣ್ಣಿಮೆಯಲ್ಲಿ ಮಾಡಿದ್ದಕ್ಕೆ ತೋಳಮಾನವ ಹೊಣೆಯಲ್ಲ. ಪರವೋ ವಿರೋಧವೋ ಎಂದು ನಾಣ್ಯ ಚಿಮ್ಮಿ ನಿರ್ಧರಿಸುವುದು ನಮ್ಮ ಪದ್ಧತಿ. ನನಗೆ ಪರ ಬಂತು. ಅಕ್ಕ ಅಂಗಡಿಯಿಂದ ಬೇಗ ಹೊರಟು ಮಣಿಪಾಲಕ್ಕೆ ಬಂದು ಎದುರಿನ ಸಾಲಿನಲ್ಲಿ ಕೂತಿದ್ದಳು.

ನಾನು ಬಿಟ್ಟೇನೆಯೇ? "ಮನಸ್ಸು ಒಪ್ಪದೆ ಕೈ ಮಾಡಿದ್ದು ತಪ್ಪಲ್ಲ, ಅವಘಡ" ಎಂದೆ. "ಆ ಹೊತ್ತಿನಲ್ಲಿ ಅವನು ಅವನಾಗಿರಲಿಲ್ಲ. ಇಲ್ಲದವನಿಗೆ ಶಿಕ್ಷೆ ಕೊಡುವ ನ್ಯಾಯ ಎಂಥದ್ದು? ಕಟಕಟೆಗೆ ಹತ್ತಿಸುವುದಾದರೆ ಹುಣ್ಣಿಮೆಯನ್ನು ಹತ್ತಿಸಿ!" ಸಭಾಂಗಣ ಚಪ್ಪಾಳೆ ಹೊಡೆಯಿತು. ಎಲ್ಲರಿಗಿಂತ ಜೋರಾಗಿ ಹೊಡೆದದ್ದು ಅಕ್ಕ. ಮೊದಲ ಬಹುಮಾನ ನನಗೇ ಬಂತು.

ಮಳೆ ಹಿಡಿಯುವ ಹೊತ್ತಿಗೆ ಅಕ್ಕನಿಗೆ ಸಂಬಂಧ ಕೂಡಿಬಂತು. ತಂದವರು ಸೋದರಮಾವ. ಹುಡುಗ ಕಾರ್ಕಳದವನು, ಗಲ್ಫಿನಲ್ಲಿ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ರಜೆಯಲ್ಲಿ ಬಂದಿದ್ದ. ಕೃಷ್ಣಾಷ್ಟಮಿಗೆ ಮಗನಿಂದ ಹುಲಿವೇಷ ಹಾಕಿಸುತ್ತೇನೆಂದು ಅವನ ತಾಯಿಯ ಹರಕೆ ಇತ್ತು, ಅದನ್ನು ತೀರಿಸಿ ಮುಂದಿನ ವಾರ ನಿಶ್ಚಿತಾರ್ಥ ಎಂದು ಮಾತಾಯಿತು. ಚೆಂದದ ಹುಡುಗ. ಮಾತಿನಲ್ಲಿ ನಯ ಇತ್ತು. ನನ್ನನ್ನು ಮೊದಲ ಸಲ ನೋಡಿದಾಗಲೇ "ಲಾಯರಮ್ಮ, ನಮ್ಮ ಮೇಲೆ ಕೇಸು ಹಾಕ್ಬೇಡಿ ಆಯ್ತಾ?" ಎಂದು ತಮಾಷೆ ಮಾಡಿದ್ದ. ನಾನು ಭಾವ ಎಂದೇ ಕರೆಯುತ್ತಿದ್ದೆ. ಅಕ್ಕನಿಗೆ ಅವನು ಇಷ್ಟವಾಗಿದ್ದ. ಅದನ್ನು ಬಚ್ಚಿಡುವುದು ಅವಳಿಗೆ ಬರುವುದಿಲ್ಲ.

ಒಂದು ಸಂಜೆ ಮೂವರೂ ಉಡುಪಿಯ ಐಸ್‌ಕ್ರೀಂ ಅಂಗಡಿಯಲ್ಲಿ ಕೂತಿದ್ದೆವು. ಉದ್ದ ಗ್ಲಾಸಿನಲ್ಲಿ ಗಡ್‌ಬಡ್ ಬಂದಿತ್ತು, ಮೇಲಿನ ಚೆರ‍್ರಿಗೆ ಅಕ್ಕ ಆಗಲೇ ಕೈ ಹಾಕಿದ್ದಳು.

"ಬರುವಾಗ ಎಷ್ಟು ಸಲ ಕಾಲ್ ಮಾಡಿದೆ ನಾನು? ಯಾಕೆ ತೆಗೀಲಿಲ್ಲ?" ಎಂದ ಭಾವ.

"ಬಸ್ಸಿನಲ್ಲಿ ಭಾರೀ ರಶ್ ಇತ್ತು. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಬ್ಯಾಗು."

"ಕಿವಿಯಲ್ಲಿ ಎಂತ ಇತ್ತು?"

ಅಕ್ಕನಿಗೆ ನಗು ಬಂತು. "ತೋಳ" ಎಂದಳು.

ಅವನು ಅವಳ ಮಣಿಕಟ್ಟು ಹಿಡಿದು ಮೇಜಿಗೆ ಒತ್ತಿದ. ಹೊಡೆದನೆಂದು ಹೇಳಲಾರೆ, ಒತ್ತಿದ. ಎರಡು ಗಾಜಿನ ಬಳೆ ಒಡೆದವು. ಗ್ಲಾಸು ಉರುಳಿ ಐಸ್‌ಕ್ರೀಂ ಅವಳ ಮಡಿಲಿಗೆ ಬಿತ್ತು. "ನನಗಿಂತ ಆ ನಾಯಿಯ ಕಥೆ ಹೆಚ್ಚಾಯ್ತಾ ನಿನಗೆ?" ಎಂದ. ಹಲ್ಲುಗಳ ನಡುವಿನಿಂದ ಬಂದ ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಭಾವ, ಕೈ ಬಿಡಿ" ಎಂದೆ.

ಬಿಟ್ಟ. ಬಿಟ್ಟ ಕೈಯನ್ನೇ ಮೇಲೆತ್ತಿ ಮಾಣಿಯನ್ನು ಕರೆದ. "ಅಣ್ಣಾ, ಒಂದು ಬಟ್ಟೆ ತರ್ತೀರಾ? ಗ್ಲಾಸ್ ಜಾರಿತು. ಸಾರಿ ಆಯ್ತಾ." ಬೆಣ್ಣೆಯಂಥ ದನಿ. ಮಾಣಿಗೆ ಏನೂ ತಿಳಿಯಲಿಲ್ಲ. ಅಕ್ಕ ಬಳೆಯ ಚೂರುಗಳನ್ನು ಟಿಶ್ಯೂ ಪೇಪರಿನಲ್ಲಿ ಕಟ್ಟಿ ಬ್ಯಾಗಿಗೆ ಹಾಕಿಕೊಂಡಳು.

ಬಸ್ ನಿಲ್ದಾಣದವರೆಗೆ ಮಾತೆಲ್ಲ ನನ್ನದೇ. ಅವಳ ಬಸ್ಸು ಬಂದು ನಿಂತಾಗ ಅಕ್ಕ ಬಾಯಿಬಿಟ್ಟಳು.

"ಸಿಟ್ಟು ಬಂದ್ರೆ ಅವರು ಅವರಾಗಿರುದಿಲ್ಲ ಅಂತ ಅವರ ಅಮ್ಮನೇ ಹೇಳಿದ್ದಾರೆ. ಆಮೇಲೆ ಸರಿಯಾಗ್ತಾರಂತೆ."

"ಅದೆಂಥ ವಾದ ಅಕ್ಕ?"

"ನಿನ್ನದೇ ವಾದ. ಇಲ್ಲದವನಿಗೆ ಶಿಕ್ಷೆ ಕೊಡುವ ನ್ಯಾಯ ಎಂಥದ್ದು ಅಂತ ಮೈಕಿನಲ್ಲಿ ಕೇಳಿದ್ದು ಯಾರು? ಪ್ರೈಜು ತಕೊಂಡದ್ದು ಯಾರು?"

ಬಸ್ಸು ಹೊರಟಿತು. ನನ್ನ ಬಸ್ಸಿನಲ್ಲಿ ಇನ್ನಂಜೆಯವರೆಗೂ ನಾನು ಉತ್ತರ ಹುಡುಕುತ್ತ ಬಂದೆ.

ಇಲ್ಲಿ ಒಂದು ಮಾತು. ಓದುವವರು ನಾನೀಗ ಪಶ್ಚಾತ್ತಾಪ ಪಡಬೇಕೆಂದು ಕಾಯುತ್ತಿದ್ದರೆ, ಪಡುವುದಿಲ್ಲ. ನನಗೆ ಪರ ಬಂದದ್ದು ನಾಣ್ಯದಿಂದ. ವಿರೋಧ ಬಂದಿದ್ದರೆ ಅದರಲ್ಲೂ ಗೆಲ್ಲುತ್ತಿದ್ದೆ. ವೇದಿಕೆಯ ಮೇಲಿನ ತೋಳಕ್ಕೆ ವಕೀಲಿ ಮಾಡಿದವಳು ಐಸ್‌ಕ್ರೀಂ ಅಂಗಡಿಯ ಗಂಡಸಿಗೂ ವಕೀಲಿ ಮಾಡಬೇಕೆಂದು ಯಾವ ನಿಯಮವೂ ಇಲ್ಲ. ತೋಳಕ್ಕೆ ನಿಜವಾಗಿಯೂ ಬಾಲ ಬಂದಿತ್ತು. ಇವನಿಗೆ ಬಂದಿತ್ತಾ?

ಮರುದಿನ ಬೆಳಿಗ್ಗೆಯ ಬಸ್ಸು ಹಿಡಿದು ಅಜೆಕಾರಿಗೆ ಹೋಗಿ ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ದೊಡ್ಡಮ್ಮ ಕೇಳಿದ ಮೊದಲ ಪ್ರಶ್ನೆ, "ಬಳೆ ಒಡೆಯಿತಾ? ನಿನ್ನೆ ಯಾವ ವಾರ?"

"ವಾರ ಬಿಡಿ ದೊಡ್ಡಮ್ಮ, ಕೈ ನೋಡಿ. ಊದಿದೆ."

"ಊದಿದ್ದು ಇಳೀತದೆ. ನಿಶ್ಚಯಕ್ಕೆ ಮುಂಚೆ ಬಳೆ ಒಡೆದದ್ದು ಒಳ್ಳೇದಲ್ಲ ಮಗಾ." ಅದೇ ಸಂಜೆ ಕಾರ್ಕಳದ ಪೇಟೆಯಿಂದ ಹೊಸ ಹಸಿರು ಬಳೆಗಳು ಬಂದವು. ದೊಡ್ಡಮ್ಮ ತಾವೇ ಸೋಪು ಹಚ್ಚಿ, ಊದಿದ ಕೈಗೆ ನೋವಾಗದ ಹಾಗೆ ನಯವಾಗಿ ಏರಿಸಿದರು. ಮಗಳ ಮೇಲೆ ಅವರಿಗೆ ಪ್ರೀತಿಯಿಲ್ಲವೆಂದು ಹೇಳುವವರು ಆ ಏರಿಸುವುದನ್ನು ನೋಡಬೇಕಿತ್ತು. ಅಪಶಕುನಕ್ಕೆ ಪರಿಹಾರ ಮಾಡಿದ ಸಮಾಧಾನದಿಂದ ಅವರು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿರಬೇಕು. ಒಡೆದದ್ದು ಬಳೆ ಮಾತ್ರ ಎಂದೇ ಅವರ ನಂಬಿಕೆ.

ನಾನು ಅಕ್ಕನ ಬೆನ್ನು ಬಿಡಲಿಲ್ಲ. ಎಲ್ಲ ತಪ್ಪು ಆ ದರಿದ್ರ ಕಥೆಯದ್ದು, ಗುರುಗುಟ್ಟುವವನೇ ಗಂಡಸು ಎಂದು ಅದು ನಿನಗೆ ಕಲಿಸಿದೆ, ಮೊದಲು ಅದನ್ನು ಮೊಬೈಲಿನಿಂದ ತೆಗೆ ಎಂದೆ. ಹೌದು, ಗೋಷ್ಠಿಯ ಹಿರಿಯರ ಮಾತನ್ನೇ ನಾನಾಗ ಆಡಿದ್ದೆ. ವ್ಯತ್ಯಾಸ ಇಷ್ಟೇ, ನಾನು ಕಥೆ ಕೇಳಿ ಆಡಿದ್ದೆ.

"ನೀನು ಗೆಲ್ಲಲಿಕ್ಕೆ ಮಾತಾಡ್ತಿ" ಎಂದಳು ಅಕ್ಕ. "ನನಗೆ ಅವರೊಟ್ಟಿಗೆ ಬದುಕಲಿಕ್ಕೆ ಉಂಟು. ಸ್ವಲ್ಪ ಸುಮ್ಮನಿರ್ತೀಯಾ?"

ಅಷ್ಟಮಿಯ ಮರುದಿನ ವಿಟ್ಲಪಿಂಡಿ, ಕೃಷ್ಣನ ಮೊಸರುಕುಡಿಕೆಯ ಉತ್ಸವ. ಆ ದಿನ ಉಡುಪಿಯ ಬೀದಿಗಳಲ್ಲಿ ನಡೆಯಲು ಜಾಗವಿರುವುದಿಲ್ಲ, ತಾಸೆ ವಾದ್ಯದ ಪೆಟ್ಟಿಗೆ ಎದೆಯೇ ಅದುರುತ್ತದೆ. ಹುಲಿವೇಷದ ತಂಡಗಳು ಅಂಗಡಿಯಿಂದ ಅಂಗಡಿಗೆ ಬರುತ್ತವೆ. ಮನುಷ್ಯ ಪ್ರಾಣಿಯಾಗುವುದು ನಮ್ಮೂರಿಗೆ ಹೊಸತಲ್ಲ, ಆದರೆ ನಮ್ಮಲ್ಲಿ ಅದಕ್ಕೆ ಚಂದ್ರ ಸಾಲದು. ವ್ರತ ಹಿಡಿಯಬೇಕು, ಮೀನು, ಕುಡಿತ ಎರಡನ್ನೂ ಬಿಡಬೇಕು, ಅಲುಗಾಡದೆ ನಿಂತು ಮೈಯೆಲ್ಲ ಬಣ್ಣ ಬಳಿಸಿಕೊಳ್ಳಬೇಕು, ಲೋಬಾನದ ಹೊಗೆ ಹಿಡಿದ ಮೇಲೆಯೇ ಹುಲಿಯ ತಲೆ ಇಟ್ಟುಕೊಳ್ಳಬೇಕು. ಆಮೇಲೆ ಕೆಲವರಿಗೆ ಆವೇಶವೇ ಬರುತ್ತದೆ ಎನ್ನುತ್ತಾರೆ. ನಾನು ನಂಬುವುದಿಲ್ಲ. ತಾಸೆ ಕೇಳಿದಾಗ ನನ್ನ ಕಾಲೂ ಕುಣಿಯುತ್ತದೆ, ಅದು ಬೇರೆ ವಿಷಯ.

ಅಕ್ಕನ ಅಂಗಡಿಯ ಮೆಟ್ಟಿಲ ಮೇಲೆ ನಾವಿಬ್ಬರೂ ನಿಂತಿದ್ದೆವು. ಎದುರಿನ ಜನರ ನಡುವೆ ಸೋದರಮಾವನೂ ಇದ್ದರು, ಭಾವೀ ಅಳಿಯನ ವೇಷ ನೋಡಲು ಬಂದಿದ್ದರು. ಮಟಮಟ ಮಧ್ಯಾಹ್ನ. ತಂಡ ಬಂತು. ಮುಂದಿನ ಹುಲಿಯೇ ಭಾವ. ನಿಜ ಹೇಳುತ್ತೇನೆ, ಚೆನ್ನಾಗಿ ಕುಣಿದ. ಹಳದಿ ಮೈಯ ಮೇಲಿನ ಕಪ್ಪು ಪಟ್ಟೆಗಳು ಉಸಿರಿಗೆ ತಕ್ಕಂತೆ ಅಲುಗಾಡುತ್ತಿದ್ದವು, ಪಲ್ಟಿ ಹೊಡೆದು ನೆಲಕ್ಕೆ ಬಂದಾಗ ಸದ್ದೇ ಆಗಲಿಲ್ಲ. ಅಕ್ಕನ ಮುಖ ಅರಳಿತ್ತು. ಅವಳ ಚಪ್ಪಾಳೆ ತಾಸೆಯ ಪೆಟ್ಟಿಗೆ ಸರಿಯಾಗಿ ಬೀಳುತ್ತಿತ್ತು.

ಆಗ ಕುಡಿದವನೊಬ್ಬ ಗುಂಪಿನಿಂದ ಹೊರಬಂದು ಅವನ ಬಾಲ ಹಿಡಿದು ಜಗ್ಗಿದ. "ಹುಲಿಯಾ ಬೆಕ್ಕಾ ಇದು?" ಎಂದು ಕೂಗಿ, ಕೈಯಲ್ಲಿದ್ದ ಸೋಡವನ್ನು ಅವನ ತಲೆಯ ಮೇಲೆ ಹೊಯ್ದ. ಕೆನ್ನೆಯ ಮೇಲಿಂದ ಸೋಡ ಇಳಿಯಿತು. ಜನ "ಹೋ" ಎಂದರು. ಭಾವ ತಿರುಗಿದ. ಅವನ ಭುಜ ಬಿಗಿದದ್ದು ನನಗೆ ಕಂಡಿತು. ಐಸ್‌ಕ್ರೀಂ ಅಂಗಡಿಯಲ್ಲಿ ಬಿಗಿದ ಅದೇ ಭುಜ.

ತಂಡದ ಹಿರಿಯರು ಒಂದು ಬೆರಳು ಎತ್ತಿದರು. ಅಷ್ಟೇ.

ಹುಲಿ ಎರಡೂ ಕೈ ಜೋಡಿಸಿ ಕುಡುಕನಿಗೆ ನಮಸ್ಕಾರ ಮಾಡಿತು. ಒಂದು ಸುತ್ತು ತಿರುಗಿ, ತಾಳ ತಪ್ಪದೆ ಮತ್ತೆ ಕುಣಿಯತೊಡಗಿತು. ಜನಕ್ಕೆ ಖುಷಿಯೋ ಖುಷಿ. ಅಂಗಡಿಯ ಯಜಮಾನರ ಸಣ್ಣ ಮೊಮ್ಮಗಳು ಹೆದರಿ ಕಿರುಚಿದಾಗ ಭಾವ ಮೊಣಕಾಲೂರಿ ಕೂತು, ಹುಲಿತಲೆಯನ್ನು ಸ್ವಲ್ಪ ಮೇಲೆತ್ತಿ ತನ್ನ ಮುಖ ತೋರಿಸಿದ. "ಹೆದರ್ಬೇಡ ಪುಟ್ಟಾ, ಇದು ಪೇಂಟು" ಎಂದ. ಮಗು ಅವನ ಮೂಗು ಮುಟ್ಟಿ ನಕ್ಕಿತು.

ನಾನು ಅಕ್ಕನ ಕಡೆ ತಿರುಗಿದೆ. ಅವಳ ಚಪ್ಪಾಳೆ ನಿಂತಿತ್ತು. ಬಲಗೈ ಎಡಗೈಯ ಹಸಿರು ಬಳೆಗಳ ಮೇಲಿತ್ತು.

"ಇವರಿಗೆ ನಿಲ್ಲಿಸ್ಲಿಕ್ಕೆ ಬರ್ತದೆ" ಎಂದಳು.

ತಾಸೆಯ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಲಿಲ್ಲ. "ಎಂತ?" ಎಂದೆ.

"ನಿಲ್ಲಿಸ್ಲಿಕ್ಕೆ ಬರ್ತದೆ ಮಾರಾಯ್ತಿ ಇವರಿಗೆ. ಹುಲಿಯಾದಾಗಲೂ ಬರ್ತದೆ."

ಎಷ್ಟೋ ದಿನದಿಂದ ನಾನು ಹುಡುಕುತ್ತಿದ್ದ ಉತ್ತರ ಅದು. ವರ್ಷಗಟ್ಟಲೆ ವಾದ ಮಾಡಿದವಳಿಗೆ ಸಿಗದೆ, ಮೆಟ್ಟಿಲ ಮೇಲೆ ನಿಂತು ಚಪ್ಪಾಳೆ ಹೊಡೆಯುತ್ತಿದ್ದವಳಿಗೆ ಸಿಕ್ಕಿತು. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಅದನ್ನೂ ಬರೆದುಬಿಡುತ್ತೇನೆ.

ತಂಡ ಮುಂದೆ ಹೋದ ಮೇಲೆ ಅಕ್ಕ ಒಳಗೆ ಬಂದು ಕನ್ನಡಕಗಳನ್ನು ಒರೆಸುತ್ತ ಕೂತಳು. ಗಿರಾಕಿಗಳಿರಲಿಲ್ಲ. "ನೋಡಿದೆಯಲ್ಲ, ಇನ್ನಾದರೂ ಆ ತೋಳವನ್ನು ಬಿಡು" ಎಂದೆ, ಗೆದ್ದವಳ ಗತ್ತಿನಲ್ಲಿ.

"ತೋಳವನ್ನು ಯಾಕೆ ಬಿಡ್ಬೇಕು?" ಅವಳು ಗಾಜನ್ನು ಬೆಳಕಿಗೆ ಹಿಡಿದು ನೋಡಿದಳು. "ನೀನು ಅರ್ಧ ಕೇಳಿ ವಾದ ಮಾಡ್ತಿ. ನನ್ನ ತೋಳ ಮೊದಲ ಸಲ ಒಬ್ಬನನ್ನು ಸಿಗಿದ ಮೇಲೆ ಎಂತ ಮಾಡ್ದ ಗೊತ್ತುಂಟಾ? ಮುಂದಿನ ಹುಣ್ಣಿಮೆಗೆ ಮುಂಚೆ ಅವನೇ ಬಂದು ಆ ಹುಡುಗಿ ಕೈಗೆ ಬೀಗದ ಕೈ ಕೊಟ್ಟ. ನನ್ನನ್ನು ಸರಪಳಿ ಹಾಕಿ ಕಟ್ಟು, ಬೆಳಗಾಗುವವರೆಗೆ ಎಷ್ಟು ಬೇಡಿದ್ರೂ ತೆಗೀಬೇಡ ಅಂತ ಹೇಳ್ದ. ಆಮೇಲಿಂದ ಪ್ರತಿ ಹುಣ್ಣಿಮೆಗೂ ಹಾಗೇ. ಅದಕ್ಕೇ ನಾನು ಅವನನ್ನು ಪಾಪ ಅನ್ನುದು. ಇವರು ಬಳೆ ಒಡೆದದ್ದಕ್ಕೆ ಮರುದಿನ ಎಂತ ಕಳಿಸಿದ್ದು ಗೊತ್ತುಂಟಾ? ಐಸ್‌ಕ್ರೀಮಿನ ಸ್ಟಿಕ್ಕರ್. ವಾಟ್ಸಾಪಿನಲ್ಲಿ."

ಚರ್ಚೆಯ ಭಾಷೆಯಲ್ಲಿ ಇದಕ್ಕೆ ಅಂಕ ಎದುರಾಳಿಗೆ ಎನ್ನುತ್ತೇವೆ.

ಮುಂದಿನ ಭಾನುವಾರ ಅಜೆಕಾರಿನಲ್ಲಿ ನಿಶ್ಚಿತಾರ್ಥದ ಏರ್ಪಾಡಿನ ಮಾತುಕತೆ. ಸೋದರಮಾವ, ದೊಡ್ಡಪ್ಪ, ದೊಡ್ಡಮ್ಮ, ನನ್ನ ಅಮ್ಮ. ಬಸ್ಸಿನಲ್ಲೇ ಅಮ್ಮ ನನಗೆ ಎಚ್ಚರಿಕೆ ಕೊಟ್ಟಿದ್ದರು: "ಅಲ್ಲಿ ನಿನ್ನ ಭಾಷಣ ಬೇಡ." ಊಟಕ್ಕೆ ಕೋರಿರೊಟ್ಟಿಯೋ ನೀರುದೋಸೆಯೋ ಎಂದು ಮಾವ ಮತ್ತು ದೊಡ್ಡಮ್ಮ ಹಟ ಹಿಡಿದು ಜಗಳ ಮಾಡುತ್ತಿದ್ದಾಗ ಅಕ್ಕ ಚಾದ ಟ್ರೇ ತಂದು ಮೇಜಿನ ಮೇಲಿಟ್ಟಳು.

"ಎರಡೂ ಬೇಡ ಮಾವ. ನನಗೆ ಈ ಸಂಬಂಧ ಬೇಡ."

ಮಾವ ನಕ್ಕರು. "ಎಂತ, ತಮಾಷೆಯಾ?" ಯಾರೂ ನಗದಿರುವುದನ್ನು ಕಂಡು ದನಿ ಬದಲಿಸಿದರು. "ಆ ಬಳೆಯ ವಿಷಯವಾ? ಗಂಡಸರಿಗೆ ಒಮ್ಮೊಮ್ಮೆ ಸಿಟ್ಟು ಬರ್ತದೆ ಮಗಾ. ಆಗ ಅವರಿಗೆ ಅವರ ಮೇಲೆ ಹಿಡಿತ ಇರುದಿಲ್ಲ."

ನಾನು ಎದ್ದೆ. ನನ್ನ ಬಳಿ ಮೂರು ಅಂಶಗಳು ತಯಾರಿದ್ದವು, ಉಪಸಂಹಾರವೂ ಇತ್ತು.

"ನೀನು ಕೂತ್ಕೋ" ಎಂದಳು ಅಕ್ಕ. "ಇದು ನನ್ನ ಪಾಳಿ."

ಕೂತೆ. ಜೀವನದಲ್ಲಿ ಇನ್ನೊಬ್ಬರ ಮಾತಿಗೆ ನಾನು ಕೂತದ್ದು ಬಹಳ ಕಡಿಮೆ.

"ವಿಟ್ಲಪಿಂಡಿಗೆ ಒಬ್ಬ ಕುಡುಕ ಅವರ ತಲೆ ಮೇಲೆ ಸೋಡ ಹೊಯ್ದ. ನೀವೂ ಇದ್ದಿರಲ್ಲ ಮಾವ ಅಲ್ಲಿ?"

"ಇದ್ದೆ. ಎಷ್ಟು ಚಂದ ಕೈ ಮುಗಿದ ಹುಡುಗ! ಅಂಥವ ಎಲ್ಲಿ ಸಿಗ್ತಾನೆ ನಿನಗೆ?"

"ಅದನ್ನೇ ನಾನು ಹೇಳುದು. ಸೋಡ ಹೊಯ್ದ ಕುಡುಕನಿಗೆ ಕೈ ಮುಗೀಲಿಕ್ಕೆ ಅವರಿಗೆ ಆಗ್ತದೆ. ನಕ್ಕದ್ದಕ್ಕೆ ನನ್ನ ಬಳೆ ಒಡೀಲಿಕ್ಕೂ ಆಗ್ತದೆ. ಎರಡೂ ಅವರೇ ಮಾಡಿದ್ದು. ಮೊದಲನೆಯದ್ದು ಹುಡುಗನ ಗುಣ, ಎರಡನೆಯದ್ದು ಸಿಟ್ಟಿನ ತಪ್ಪು ಅಂತ ಹೇಳ್ಬೇಡಿ. ನಿಲ್ಲಿಸ್ಲಿಕ್ಕೆ ಬಾರದವರಾದ್ರೆ ನಾನು ಕಾಯ್ತಿದ್ದೆ, ಮದ್ದು ಮಾಡಿಸ್ತಿದ್ದೆ. ಬರುವವರು. ನನ್ನ ಹತ್ತಿರ ಮಾತ್ರ ಬೇಡ ಅಂತ ಕಾಣ್ತದೆ ಅವರಿಗೆ."

ಮಾವ ಚಾ ಕುಡಿಯಲಿಲ್ಲ. ದೊಡ್ಡಮ್ಮ ಸೆರಗು ಬಾಯಿಗೆ ಹಿಡಿದು ಅಳತೊಡಗಿದರು. ಅಳುತ್ತಲೇ ನನ್ನ ಕಡೆ ನೋಡಿದರು. "ಎಲ್ಲ ನೀನು ಕಲಿಸಿದ್ದು. ಮಣಿಪಾಲದಲ್ಲಿ ಬಾಯಿ ಓಡಿಸ್ಲಿಕ್ಕೆ ಕಲಿತು ನಮ್ಮ ಮನೆ ಹಾಳು ಮಾಡಿದೆ."

"ನಾನು ಕಲಿಸಿದ್ದಲ್ಲ ದೊಡ್ಡಮ್ಮ. ನನ್ನ ವಾದ ಸೋತಿದೆ. ಇದು ಅವಳದೇ" ಎಂದೆ. ಅವರು ನಂಬಲಿಲ್ಲ. ಇಂದಿಗೂ ನಂಬುವುದಿಲ್ಲ. ಹೆಣ್ಣೊಬ್ಬಳು ಬೇಡ ಎಂದರೆ ಯಾರೋ ಹೇಳಿಕೊಟ್ಟಿರಲೇಬೇಕು ಎಂಬುದು ನಮ್ಮ ಮನೆಯ ಮೂಲ ನಂಬಿಕೆಗಳಲ್ಲಿ ಒಂದು.

ಅಷ್ಟು ಹೊತ್ತೂ ಪೇಪರು ಹಿಡಿದು ಕೂತಿದ್ದವರು ದೊಡ್ಡಪ್ಪ. ಕೊನೆಗೆ ಅದನ್ನು ಮಡಚಿ ಬದಿಗಿಟ್ಟರು. "ಹಾಗಾದ್ರೆ ಶಾಮಿಯಾನದವನಿಗೆ ಫೋನ್ ಮಾಡಿ ಬೇಡ ಅಂತ ಹೇಳ್ಬೇಕಲ್ಲ" ಎಂದು ಎದ್ದು ಹೋಗಿ ಕನ್ನಡಕ ಹುಡುಕತೊಡಗಿದರು. ಅದು ಅವರ ತಲೆಯ ಮೇಲೆಯೇ ಇತ್ತು. ಅಕ್ಕ ಹೋಗಿ ತೆಗೆದು, ಒರೆಸಿ, ಅವರ ಕೈಗೆ ಕೊಟ್ಟಳು.

ಸಂಜೆ ಅವನ ಫೋನು ಬಂತು. ಅಂಗಳದಲ್ಲಿ ನಿಂತು ಅಕ್ಕ ಮಾತಾಡಿದಳು, ಪಕ್ಕದಲ್ಲಿ ನಾನಿದ್ದೆ. ಅವನು ಕೂಗಲಿಲ್ಲ. ಬೆಣ್ಣೆಯ ದನಿಯಲ್ಲೇ ಹೇಳಿದ: "ಆ ದಿನ ನಾನು ನಾನಾಗಿರ್ಲಿಲ್ಲ. ಅಷ್ಟೂ ಅರ್ಥ ಆಗುದಿಲ್ವಾ ನಿನಗೆ?"

"ಆಗ್ತದೆ" ಎಂದಳು ಅಕ್ಕ. "ಆ ದಿನ ಇದ್ದವರು ಯಾರೋ ಅವರಿಗೂ ಹೇಳಿಬಿಡಿ, ಬೇಡ ಅಂತ."

ಫೋನಿಟ್ಟ ಮೇಲೆ ಅವಳು ಆ ಐಸ್‌ಕ್ರೀಮಿನ ಸ್ಟಿಕ್ಕರನ್ನು ಇನ್ನೊಮ್ಮೆ ತೆರೆದು ನೋಡಿ, ಆಮೇಲೆ ಅಳಿಸಿದಳು. ಅವನನ್ನು ಇಷ್ಟಪಟ್ಟಿದ್ದಳೆಂದು ಮೊದಲೇ ಹೇಳಿದ್ದೇನೆ. ಇಷ್ಟಪಡದವನನ್ನು ಬೇಡ ಎನ್ನಲು ಯಾವ ಧೈರ್ಯವೂ ಬೇಕಾಗಿಲ್ಲ.

ಗೋಷ್ಠಿಯ ಹಿರಿಯರೇ, ನನ್ನ ಆಧಾರ ಇಷ್ಟು. ಸಿಟ್ಟು ಬಂದ ಗಂಡಸು ತಾನಾಗಿರುವುದಿಲ್ಲ ಎಂಬ ಕಥೆಯನ್ನು ಅಕ್ಕನಿಗೆ ಹೇಳಿದ್ದು ಮೊಬೈಲಲ್ಲ. ಅವನ ತಾಯಿ ಹೇಳಿದರು, ಮಾವ ಹೇಳಿದರು. ಬಳೆ ಏರಿಸುತ್ತ ದೊಡ್ಡಮ್ಮನೂ ಮಾತಿಲ್ಲದೆ ಅದನ್ನೇ ಹೇಳಿದರು. ಅವರಲ್ಲಿ ಒಬ್ಬರೂ ತೋಳದ ಕಥೆ ಕೇಳಿದವರಲ್ಲ. ಅವರ ಕಥೆಯಲ್ಲಿ ಚಂದ್ರನಿಲ್ಲ, ಬಾಲವಿಲ್ಲ, ಸರಪಳಿಯಂತೂ ಇಲ್ಲವೇ ಇಲ್ಲ. ಆದ್ದರಿಂದ ಅದನ್ನು ಯಾರೂ ಕಸ ಎನ್ನುವುದಿಲ್ಲ, ಸಂಸಾರ ಎನ್ನುತ್ತಾರೆ. ಈಗಿನ ತೋಳದ ಕಥೆಗಳಲ್ಲಿ ಕಸ ಬೇಕಾದಷ್ಟು ಉಂಟು, ನಿಮಗಿಂತ ಹೆಚ್ಚು ನಾನು ಕೇಳಿದ್ದೇನೆ. ಮೂಗಿನಿಂದ ಹೆಂಡತಿ ಹುಡುಕುವವರಿಗೆ ನನ್ನ ವಿರೋಧ ಹಾಗೆಯೇ ಉಂಟು. ಆದರೂ ಅವು ತೋಳವನ್ನು ತೋಳ ಎಂದು ಬಾಯಿಬಿಟ್ಟು ಹೇಳುತ್ತವೆ. ಬೆಳಿಗ್ಗೆ ಎದ್ದು ಕೈ ನೋಡಿಕೊಂಡವನು ಮುಂದೇನು ಮಾಡುತ್ತಾನೆ ಎಂದು ಕೇಳುತ್ತವೆ. ಅಕ್ಕ ತನ್ನ ಮನುಷ್ಯನನ್ನು ಅಳೆದ ಕೋಲು ಅಲ್ಲಿಂದ ಬಂದದ್ದು. ನಮ್ಮ ಮನೆಯಲ್ಲಿ ಅಂಥ ಕೋಲು ಇರಲಿಲ್ಲ.

ಮಾವ ಈಗ ನಮ್ಮ ಮನೆಯ ಕಾರ್ಯಗಳಿಗೆ ಬರುವುದಿಲ್ಲ. ನಾನು ಇದ್ದರೆ ಬರುವುದಿಲ್ಲ ಎಂದು ಹೇಳಿ ಕಳಿಸುತ್ತಾರೆ. ನಾನು ಇರುತ್ತೇನೆ.

ಮೊನ್ನೆ ಅಜೆಕಾರಿಗೆ ಹೊರಟಾಗ ಅಕ್ಕನ ಬಸ್ಸೇ ಸಿಕ್ಕಿತು. ಕೂರಲು ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತವಳ ಕೈಯಲ್ಲಿ ಅದೇ ಹಸಿರು ಬಳೆಗಳು, ತಿರುವಿನಲ್ಲೆಲ್ಲ ಕಂಬಿಗೆ ತಾಗಿ ಸದ್ದು ಮಾಡುತ್ತಿದ್ದವು.

"ಇದನ್ನು ಇನ್ನೂ ಹಾಕ್ತೀಯಾ?" ಎಂದೆ.

"ಚಂದ ಉಂಟಲ್ಲ, ಎಂತಕ್ಕೆ ಬಿಸಾಡುದು? ಅಮ್ಮ ಏರಿಸಿದ್ದು." ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ಸಿಕ್ಕಿಸಿದಳು. "ಹೊಸ ಕಥೆ. ಇವನೂ ತೋಳವೇ. ಹುಣ್ಣಿಮೆ ಇವತ್ತು."

ಬಸ್ಸು ಕುಲುಕುತ್ತಿತ್ತು. ಕಥೆಯೊಳಗೆ ಮೋಡ ಸರಿದು ಬೆಳದಿಂಗಳು ಬಿತ್ತು. ಗಂಡಸೊಬ್ಬ ಏದುಸಿರು ಬಿಡುತ್ತಿದ್ದ. ಅಕ್ಕ ಹುಬ್ಬು ಗಂಟಿಕ್ಕಿ, ಪರೀಕ್ಷೆ ನಡೆಸುವ ಟೀಚರಿನ ಹಾಗೆ ಕೇಳುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಗಾಜು ಒಡೆದ ಸದ್ದು, ಹುಡುಗಿಯ ಚೀತ್ಕಾರ, ಆಮೇಲೆ ಅವನ ಗೊಗ್ಗರು ದನಿ: ನನ್ನ ತಪ್ಪಲ್ಲ, ಈ ಚಂದ್ರನದ್ದು.

ಅಕ್ಕ ಬೆರಳಿಂದ ಒತ್ತಿ ಅದನ್ನು ಅಲ್ಲಿಗೇ ನಿಲ್ಲಿಸಿದಳು.

"ಇವ ಬೇಡ" ಎಂದಳು. "ಬೇರೆ ತೋಳ ಹಾಕುವಾ."